ಎಂಜಿನ್ ಅಡ್ಡ ಇಟ್ಟ ಮನುಷ್ಯ: ಅಲೆಕ್ ಇಸ್ಸಿಗೋನಿಸ್

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ ಊರು ಹೊಸದುರ್ಗ ತಾಲ್ಲೂಕಿನ ಮಾಡದಕೆರೆ. 8ನೇ ತರಗತಿಯ ವಿಜ್ಞಾನ, ಗಣಿತ ಎರಡೂ ನನ್ನ ಪಾಲಿಗೆ ಬಂದಿದ್ದವು. ಘರ್ಷಣೆ ಪಾಠದ ಎರಡನೇ ದಿನ, ಘರ್ಷಣೆ ಇಲ್ಲದಿದ್ದರೆ ನಾವು ನಡೆಯುವುದಕ್ಕೂ ಆಗುವುದಿಲ್ಲ, ವಾಹನ ಓಡುವುದೂ ಇಲ್ಲ ಎಂದು ವಿವರಿಸುತ್ತಾ ಕಪ್ಪುಹಲಗೆಯ ಮೇಲೆ ಒಂದು ಕಾರು ಬರೆದು, ನಾಲ್ಕೂ ಚಕ್ರಗಳ ಕೆಳಗೆ ಮುಂದಕ್ಕೆ ಒಂದೊಂದು ಬಾಣದ ಗುರುತು ಹಾಕಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ಅದು ಯಾವ ಕಾರು ಮಿಸ್ ಎಂದು ಕೇಳಿದ. ಯಾವ ಕಾರಾದರೇನು ಎಂದೆ. ಮಾರುತಿ 800 ಆದರೆ ಬಾಣ ಮುಂದಿನ ಚಕ್ರಕ್ಕೆ ಮಾತ್ರ ಹಾಕಬೇಕು, ಓಮ್ನಿ ಆದರೆ ಹಿಂದಿನ ಚಕ್ರಕ್ಕೆ ಮಾತ್ರ, ಎರಡಕ್ಕೂ ಎಂಜಿನ್ ಒಂದೇ ಅಳತೆಯದು ಎಂದು ಹೇಳಿ ಕುಳಿತುಕೊಂಡ.

ಅವನು ಹೇಳಿದ್ದು ಸರಿ. ಎರಡರಲ್ಲೂ ಇರುವುದು 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್. ಒಂದರಲ್ಲಿ ಅದು ಮುಂದಿನ ಚಕ್ರ ತಿರುಗಿಸುತ್ತದೆ, ಇನ್ನೊಂದರಲ್ಲಿ ಹಿಂದಿನ ಚಕ್ರ. ಎಂಜಿನ್ ತಿರುಗಿಸುವ ಚಕ್ರ ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ನೆಲದ ಘರ್ಷಣೆ ಆ ಚಕ್ರವನ್ನು ಮುಂದಕ್ಕೆ ತಳ್ಳುತ್ತದೆ. ಉಳಿದೆರಡು ಚಕ್ರಗಳು ಸುಮ್ಮನೆ ಉರುಳುತ್ತವೆ. ಅವುಗಳ ಮೇಲಿನ ಘರ್ಷಣೆ ಸ್ವಲ್ಪವಾದರೂ ಹಿಂದಕ್ಕೇ ಎಳೆಯುತ್ತದೆ. ನನ್ನ ನಾಲ್ಕು ಬಾಣಗಳಲ್ಲಿ ಎರಡು ತಪ್ಪಾಗಿದ್ದವು. ಆ ಹುಡುಗ ಯಾರೆಂದು ನೋಡಿದರೆ, ಹಿಂದಿನ ವಾರದ ಗಣಿತ ಕಿರುಪರೀಕ್ಷೆಯಲ್ಲಿ 20ಕ್ಕೆ 3 ಅಂಕ ಪಡೆದವನು. ಅಂಕಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಕಲಿಕೆಯಲ್ಲಿ ಹಿಂದೆ ಎಂದು ನಾನೇ ಬರೆದಿದ್ದೆ. ಅವನ ಮಾವ ತೆಂಗಿನಕಾಯಿ ಸಾಗಿಸುವ ಗಾಡಿ ಓಡಿಸುತ್ತಾರೆ, ಭಾನುವಾರ ಇವನು ಹೊಸದುರ್ಗದ ಗ್ಯಾರೇಜಿನಲ್ಲಿ ಕುಳಿತಿರುತ್ತಾನೆ ಎಂದು ಆಮೇಲೆ ಗೊತ್ತಾಯಿತು.

ಹಾಗಾದರೆ ಕೆಲವು ಕಾರಿಗೆ ಮುಂದೆ, ಕೆಲವಕ್ಕೆ ಹಿಂದೆ ಯಾಕೆ ಎಂದು ಉಳಿದ ಮಕ್ಕಳು ಕೇಳಿದರು. ನಾಳೆ ಹೇಳುತ್ತೇನೆ ಎಂದೆ. ಅದಕ್ಕಾಗಿ ಓದಲು ಕುಳಿತಾಗ ಸಿಕ್ಕಿದ್ದು ಒಬ್ಬ ಎಂಜಿನಿಯರ್‌ನ ಬದುಕು. ಮಕ್ಕಳಿಗೆ ನಾನು ಹೇಳಿದ ಆ ಕಥೆಯನ್ನೂ, ಹೇಳುವಾಗ ನಾನು ಮಾಡಿದ ಇನ್ನೊಂದು ತಪ್ಪನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಅಲೆಕ್ ಇಸ್ಸಿಗೋನಿಸ್ ಹುಟ್ಟಿದ್ದು 1906ರ ನವೆಂಬರ್ 18ರಂದು, ಆಗ ಆಟೊಮನ್ ಸಾಮ್ರಾಜ್ಯಕ್ಕೆ ಸೇರಿದ್ದ ಸ್ಮಿರ್ನಾ ಎಂಬ ಬಂದರು ಪಟ್ಟಣದಲ್ಲಿ. ಈಗ ಅದು ತುರ್ಕಿಯ ಇಜ್ಮಿರ್. ತಂದೆ ಗ್ರೀಕ್ ಮೂಲದವರು, ಬ್ರಿಟಿಷ್ ಪೌರತ್ವ ಪಡೆದಿದ್ದವರು; ಹಡಗಿನ ಯಂತ್ರಗಳ ಕೆಲಸ ಅವರದು. ತಾಯಿ ಜರ್ಮನಿಯ ಬವೇರಿಯಾ ಕಡೆಯ ಮನೆತನದವರು. ಕಾರ್ಖಾನೆಯ ಸದ್ದು, ಎಣ್ಣೆಯ ವಾಸನೆ, ನಕ್ಷೆಗಳ ನಡುವೆ ಹುಡುಗ ಬೆಳೆದ.

ಮೊದಲ ಮಹಾಯುದ್ಧ ಮುಗಿದ ಮೇಲೆ ಗ್ರೀಕರಿಗೂ ತುರ್ಕರಿಗೂ ಯುದ್ಧವಾಯಿತು. 1922ರ ಸೆಪ್ಟೆಂಬರಿನಲ್ಲಿ ಸ್ಮಿರ್ನಾ ಪಟ್ಟಣ ಬೆಂಕಿಗೆ ಸಿಕ್ಕಿತು. ಬ್ರಿಟಿಷ್ ಪ್ರಜೆಗಳಾಗಿದ್ದರಿಂದ ಈ ಕುಟುಂಬವನ್ನು ಬ್ರಿಟಿಷ್ ನೌಕಾಪಡೆ ಮಾಲ್ಟಾ ದ್ವೀಪಕ್ಕೆ ಸಾಗಿಸಿತು. ಮನೆ, ಕಾರ್ಖಾನೆ ಎಲ್ಲ ಹಿಂದೆ ಉಳಿದವು. ತಂದೆ ಮಾಲ್ಟಾದಲ್ಲೇ ತೀರಿಕೊಂಡರು. 1923ರಲ್ಲಿ ತಾಯಿ, ಮಗ ಇಬ್ಬರೇ ಇಂಗ್ಲೆಂಡಿಗೆ ಬಂದರು. ಮಗನಿಗೆ ಆಗ ಹದಿನಾರು ವರ್ಷ, ನಮ್ಮಲ್ಲಿ ಎಸ್.ಎಸ್.ಎಲ್.ಸಿ. ಮುಗಿಸುವ ವಯಸ್ಸು.

ಲಂಡನ್ನಿನ ಬ್ಯಾಟರ್‌ಸೀ ಪಾಲಿಟೆಕ್ನಿಕ್‌ನಲ್ಲಿ ಎಂಜಿನಿಯರಿಂಗ್ ಓದಲು ಸೇರಿದರು. ನಕ್ಷೆ ಬರೆಯುವುದರಲ್ಲಿ ಕೈ ಚೆನ್ನಾಗಿತ್ತು, ಗಣಿತ ಮಾತ್ರ ಹತ್ತಲಿಲ್ಲ. ಗಣಿತದ ಪರೀಕ್ಷೆಯಲ್ಲಿ ಮೂರು ಸಲ ಅನುತ್ತೀರ್ಣರಾದರು. ಆಮೇಲೂ ಜೀವನಪೂರ್ತಿ ಗಣಿತದ ಮೇಲಿನ ಮುನಿಸನ್ನು ಅವರು ಮುಚ್ಚಿಡಲಿಲ್ಲ.

ಓದು ಮುಗಿದ ಮೇಲೆ ಕಾರು ತಯಾರಿಸುವವರ ನಕ್ಷೆ ವಿಭಾಗಗಳಲ್ಲಿ ಕೆಲಸ ಮಾಡಿ, 1936ರಲ್ಲಿ ಆಕ್ಸ್‌ಫರ್ಡ್ ಪಕ್ಕದ ಕೌಲಿಯ ಮಾರಿಸ್ ಕಾರ್ಖಾನೆ ಸೇರಿದರು. ಆ ವರ್ಷಗಳಲ್ಲಿ ಗೆಳೆಯ ಜಾರ್ಜ್ ಡೌಸನ್ ಜೊತೆ ಬಿಡುವಿನ ವೇಳೆಯಲ್ಲಿ ಒಂದು ಪುಟ್ಟ ರೇಸ್ ಕಾರನ್ನು ಕೈಯಿಂದಲೇ ಕಟ್ಟಿದರು. ಪ್ಲೈವುಡ್ಡಿಗೆ ಅಲ್ಯೂಮಿನಿಯಂ ತಗಡು ಹೊದಿಸಿದ ಮೈ, ಹಗುರ ತೂಕ, ಸಸ್ಪೆನ್ಷನ್‌ನಲ್ಲಿ ರಬ್ಬರ್. ಮುಂದೆ ಅವರು ಮಾಡಿದ ದೊಡ್ಡ ಕೆಲಸದ ಬೀಜ ಅದರಲ್ಲಿತ್ತು.

ಎರಡನೇ ಮಹಾಯುದ್ಧದ ಕಾಲದಲ್ಲಿಯೇ ಅವರು ಸಾಮಾನ್ಯ ಜನ ಕೊಳ್ಳಬಹುದಾದ ಒಂದು ಸಣ್ಣ ಕಾರಿನ ವಿನ್ಯಾಸಕ್ಕೆ ತೊಡಗಿದ್ದರು. ಅದೇ ಮಾರಿಸ್ ಮೈನರ್. ಉತ್ಪಾದನೆಗೆ ಎಲ್ಲ ಸಿದ್ಧವಾದ ಮೇಲೆ ಕಾರು ಕಿರಿದಾಗಿ ಕಾಣುತ್ತಿದೆ ಎನ್ನಿಸಿ, ಮಾದರಿ ಕಾರನ್ನು ನಡುವೆ ಉದ್ದಕ್ಕೆ ಸೀಳಿಸಿ, ಎರಡು ಹೋಳುಗಳನ್ನು ದೂರ ಸರಿಸುತ್ತಾ ಕಣ್ಣಿಗೆ ಒಪ್ಪುವ ಅಗಲ ಹುಡುಕಿದರು. 4 ಅಂಗುಲ ಹೆಚ್ಚಾಯಿತು. ಲೆಕ್ಕಕ್ಕಿಂತ ಕಣ್ಣನ್ನು ನಂಬುವ ಸ್ವಭಾವ ಅವರದು. 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಹೊರಬಂದ ಈ ಕಾರು, ಹತ್ತು ಲಕ್ಷದ ಲೆಕ್ಕ ದಾಟಿದ ಮೊದಲ ಬ್ರಿಟಿಷ್ ಕಾರಾಯಿತು.

ಅದೇ ವರ್ಷ ಅದೇ ಕೈಯಿಂದ ಇನ್ನೊಂದು ಸ್ವಲ್ಪ ದೊಡ್ಡ ಕಾರು ಬಂತು, ಮಾರಿಸ್ ಆಕ್ಸ್‌ಫರ್ಡ್ ಎಂ.ಒ. ಇದನ್ನು ನಮ್ಮ ದೇಶದಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಂಪನಿ ಹಿಂದೂಸ್ತಾನ್ 14 ಎಂಬ ಹೆಸರಿನಲ್ಲಿ ತಯಾರಿಸಿತು. ಆಕ್ಸ್‌ಫರ್ಡ್‌ನ ಮುಂದಿನ ಮಾದರಿ ಇಲ್ಲಿ ಲ್ಯಾಂಡ್‌ಮಾಸ್ಟರ್ ಆಯಿತು, ಅದರ ಮುಂದಿನದು ಅಂಬಾಸಿಡರ್. 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ, ತಹಶೀಲ್ದಾರರಿಂದ ಮಂತ್ರಿಗಳವರೆಗೆ ಓಡಾಡುತ್ತಿದ್ದ ಬಿಳಿ ಅಂಬಾಸಿಡರ್‌ನ ಮನೆತನ ಹಿಡಿದು ಹಿಂದಕ್ಕೆ ಹೋದರೆ ಇಸ್ಸಿಗೋನಿಸ್ ಸಿಗುತ್ತಾರೆ. ಇದನ್ನು ಹೇಳಿದಾಗ ತರಗತಿಯಲ್ಲಿ ಮಕ್ಕಳು ನೆಟ್ಟಗೆ ಕುಳಿತರು. ಊರಿನ ಮದುವೆಗಳಲ್ಲಿ ಆ ಕಾರನ್ನು ನೋಡಿದ್ದವರು ಇದ್ದರು.

ಈ ಕಾರುಗಳೆಲ್ಲ ಹಿಂಚಕ್ರ ಚಾಲನೆಯವು. ಆ ಕಾಲದ ಹೆಚ್ಚಿನ ಕಾರುಗಳಂತೆ ಎಂಜಿನ್ ಮುಂದೆ, ಉದ್ದಕ್ಕೆ. ಅದರ ಹಿಂದೆ ಗೇರ್‌ಬಾಕ್ಸ್. ಅಲ್ಲಿಂದ ಕಾರಿನ ಹೊಟ್ಟೆಯ ಕೆಳಗೆ ಹಾದು ಹೋಗುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಡಿಫರೆನ್ಷಿಯಲ್, ಆಮೇಲೆ ಚಕ್ರ. ಎಂಜಿನ್ ಇರುವುದು ಒಂದು ತುದಿ, ಕೆಲಸ ಮಾಡುವುದು ಇನ್ನೊಂದು ತುದಿ. ಶಾಫ್ಟ್ ಹಾದುಹೋಗಲು ಕಾರಿನ ನೆಲ ನಡುವೆ ಉಬ್ಬಿರಬೇಕು. ಹಿಂದಿನ ಸೀಟಿನಲ್ಲಿ ಮಧ್ಯದವರು ಕಾಲನ್ನು ಆ ಉಬ್ಬಿನ ಆಚೆ ಈಚೆ ಇಟ್ಟುಕೊಂಡು ಕೂರಬೇಕು.

ಮುಂದಿನ ಚಕ್ರವನ್ನೇ ತಿರುಗಿಸುವ ಯೋಚನೆ ಹೊಸದೇನಲ್ಲ. 1769ರಲ್ಲಿ ಫ್ರಾನ್ಸಿನ ಕುನ್ಯೋ ಮಾಡಿದ ಹಬೆಯ ಬಂಡಿಯಲ್ಲಿ ಎಂಜಿನ್ ತಿರುಗಿಸುತ್ತಿದ್ದುದು ಮುಂದಿನ ಒಂಟಿ ಚಕ್ರವನ್ನೇ. 1931ರಲ್ಲಿ ಜರ್ಮನಿಯ ಡಿ.ಕೆ.ಡಬ್ಲ್ಯು., 1934ರಲ್ಲಿ ಫ್ರಾನ್ಸಿನ ಸಿಟ್ರೋಯೆನ್ ಮುಂಚಕ್ರ ಚಾಲನೆಯ ಕಾರುಗಳನ್ನು ತಂದಿದ್ದವು. ಕಷ್ಟ ಇದ್ದದ್ದು ಒಂದು ಕಡೆ. ಮುಂದಿನ ಚಕ್ರ ಸ್ಟಿಯರಿಂಗ್ ಜೊತೆ ಎಡಕ್ಕೆ ಬಲಕ್ಕೆ ಹೊರಳಬೇಕು, ಹೊರಳಿದಾಗಲೂ ಶಾಫ್ಟ್ ಅದನ್ನು ಒಂದೇ ವೇಗದಲ್ಲಿ ತಿರುಗಿಸುತ್ತಿರಬೇಕು. ಸಾಮಾನ್ಯ ಕೀಲು ಹಾಕಿದರೆ ತಿರುವಿನಲ್ಲಿ ಚಕ್ರ ಜಗ್ಗಿ ಜಗ್ಗಿ ತಿರುಗುತ್ತದೆ. ಅದಕ್ಕೆ ಉಕ್ಕಿನ ಗುಂಡುಗಳನ್ನು ಕೂರಿಸಿದ ವಿಶೇಷ ಕೀಲು ಬೇಕು. ಇಂದು ಗ್ಯಾರೇಜಿನವರು ಸಿ.ವಿ. ಜಾಯಿಂಟ್ ಎನ್ನುವುದು ಇದನ್ನೇ.

1952ರಲ್ಲಿ ಮಾರಿಸ್ ಮತ್ತು ಆಸ್ಟಿನ್ ಕಂಪನಿಗಳು ಒಂದಾಗಿ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ ಆಯಿತು. ಇಸ್ಸಿಗೋನಿಸ್ ಅದನ್ನು ಬಿಟ್ಟು ಆಲ್ವಿಸ್ ಎಂಬ ಕಂಪನಿಗೆ ಹೋದರು. ಅಲ್ಲಿ ಅವರು ರೂಪಿಸಿದ ದೊಡ್ಡ ಕಾರು ಹೊರಗೆ ಬರಲೇ ಇಲ್ಲ. 1955ರ ಕೊನೆಗೆ ಹಳೆಯ ಕಂಪನಿಯ ಮುಖ್ಯಸ್ಥ ಲಿಯೊನಾರ್ಡ್ ಲಾರ್ಡ್ ಅವರನ್ನು ಮತ್ತೆ ಕರೆಸಿಕೊಂಡರು.

1956ರಲ್ಲಿ ಈಜಿಪ್ಟ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿತು. ಆ ಜಗಳದಲ್ಲಿ ಕಾಲುವೆ ಮುಚ್ಚಿ, ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಜನ ಕಡಿಮೆ ಪೆಟ್ರೋಲು ಕುಡಿಯುವ ಪುಟ್ಟ ಕಾರುಗಳನ್ನು ಹುಡುಕತೊಡಗಿದರು. 1957ರ ಮಾರ್ಚಿನಲ್ಲಿ ಲಾರ್ಡ್ ಅವರು ಬೇರೆ ಕೆಲಸಗಳನ್ನೆಲ್ಲ ಬದಿಗಿಟ್ಟು ಒಂದು ಸಣ್ಣ ಕಾರು ಮಾಡಿಕೊಡುವಂತೆ ಇಸ್ಸಿಗೋನಿಸ್‌ಗೆ ಹೇಳಿದರು. ಕಂಪನಿಯಲ್ಲಿ ಆಗಲೇ ಇರುವ ಎಂಜಿನ್ನನ್ನೇ ಬಳಸಬೇಕು ಎಂಬುದು ಕಟ್ಟಳೆ.

ಈಗ ಲೆಕ್ಕ ಹೀಗಿತ್ತು. ಕಾರಿನ ಉದ್ದ ಸುಮಾರು 10 ಅಡಿ, ಅಂದರೆ 3 ಮೀಟರಿಗೆ ಸ್ವಲ್ಪ ಹೆಚ್ಚು. ಅದರೊಳಗೆ ನಾಲ್ಕು ಜನ ದೊಡ್ಡವರು, ಅವರ ಸಾಮಾನು ಹಿಡಿಸಬೇಕು. ಎಂಜಿನ್ ಉದ್ದಕ್ಕೆ ಇಟ್ಟು, ಗೇರ್‌ಬಾಕ್ಸ್ ಹಿಂದೆ ಇಟ್ಟು, ಶಾಫ್ಟ್ ಎಳೆದರೆ ಜನರಿಗೆ ಜಾಗವೇ ಇಲ್ಲ. ಇಸ್ಸಿಗೋನಿಸ್ ಜನರಿಂದ ಶುರು ಮಾಡಿದರು. ಮೊದಲು ನಾಲ್ವರನ್ನು ಕೂರಿಸಿ, ಉಳಿದ ಜಾಗದಲ್ಲಿ ಯಂತ್ರ ಹೇಗೆ ಸೇರಿಸಲಿ ಎಂದು ನೋಡಿದರು. ಎಂಜಿನ್ನನ್ನು ಅಡ್ಡ ತಿರುಗಿಸಿದರು. ಗೇರ್‌ಬಾಕ್ಸನ್ನು ಎಂಜಿನ್ನಿನ ಕೆಳಗೆ, ಎಣ್ಣೆ ನಿಲ್ಲುವ ತಟ್ಟೆಯೊಳಗೇ ಇಟ್ಟರು. ಎರಡಕ್ಕೂ ಒಂದೇ ಎಣ್ಣೆ. ಶಕ್ತಿಯನ್ನು ಅಲ್ಲೇ ಪಕ್ಕದ ಮುಂಚಕ್ರಗಳಿಗೆ ಕೊಟ್ಟರು. ಉದ್ದನೆಯ ಶಾಫ್ಟ್ ಬೇಡವಾಯಿತು, ನೆಲದ ದೊಡ್ಡ ಉಬ್ಬೂ ಬೇಡವಾಯಿತು. ಚಕ್ರಗಳು ಕೇವಲ 10 ಅಂಗುಲದವು. ಸ್ಪ್ರಿಂಗ್ ಬದಲು ಅಲೆಕ್ಸ್ ಮೌಲ್ಟನ್ ಎಂಬ ಎಂಜಿನಿಯರ್ ರೂಪಿಸಿದ ರಬ್ಬರ್ ಶಂಕುಗಳನ್ನು ಹಾಕಿದರು. ಕೊನೆಗೆ ಕಾರಿನ ನೆಲದ ಶೇ. 80ರಷ್ಟು ಜಾಗ ಜನರಿಗೆ ಮತ್ತು ಸಾಮಾನಿಗೆ ಉಳಿಯಿತು.

ಅದೇ ಅಕ್ಟೋಬರಿಗೆ ಮಾದರಿ ಕಾರು ಓಡಿತು. 1959ರ ಆಗಸ್ಟ್ 26ರಂದು ಕಾರು ಜನರ ಮುಂದೆ ಬಂತು. ಅದೇ ಮಿನಿ. ಮೊದಲು ಬಂದ ಕಾರುಗಳಲ್ಲಿ ತೊಂದರೆಗಳೂ ಇದ್ದವು. ನೆಲದ ತಗಡುಗಳನ್ನು ಒಂದರ ಮೇಲೊಂದು ಕೂಡಿಸಿದ್ದ ರೀತಿ ಸರಿಯಿಲ್ಲದೆ ಮಳೆಯ ನೀರು ಒಳಗೆ ನುಗ್ಗುತ್ತಿತ್ತು. ಅವನ್ನು ತಿದ್ದಿದರು. ಮುಂದೆ ಈ ಪುಟ್ಟ ಕಾರು ಮಾಂಟೆ ಕಾರ್ಲೊ ರ್‍ಯಾಲಿಯನ್ನು 1964, 1965, 1967ರಲ್ಲಿ ಗೆದ್ದಿತು. 2000ನೇ ಇಸವಿಯವರೆಗೆ 50 ಲಕ್ಷಕ್ಕೂ ಹೆಚ್ಚು ಮಿನಿಗಳು ತಯಾರಾದವು.

ಇಸ್ಸಿಗೋನಿಸ್ 1967ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1969ರಲ್ಲಿ ಅವರಿಗೆ ಸರ್ ಪದವಿ ಬಂತು. ಆದರೆ 1968ರಲ್ಲಿ ಕಂಪನಿ ಮತ್ತೆ ಬೇರೆಯವರ ಜೊತೆ ಸೇರಿದ ಮೇಲೆ ಅವರ ಮಾತಿಗೆ ಮೊದಲಿನ ಬೆಲೆ ಉಳಿಯಲಿಲ್ಲ. 1971ರಲ್ಲಿ ನಿವೃತ್ತರಾದರು. ಮದುವೆಯಾಗಲಿಲ್ಲ. ಸ್ಮಿರ್ನಾದಿಂದ ಜೊತೆಗೆ ಬಂದ ತಾಯಿ ಕೊನೆಯವರೆಗೆ ಅವರ ಜೊತೆಯಲ್ಲೇ ಇದ್ದರು. 1988ರ ಅಕ್ಟೋಬರ್ 2ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಇಸ್ಸಿಗೋನಿಸ್ ತೀರಿಕೊಂಡರು.

ಇಷ್ಟನ್ನು ಮರುದಿನ ಕಥೆಯಾಗಿ ಹೇಳಿದೆ. ಹುರುಪಿನಲ್ಲಿ ಗಣಿತದಲ್ಲಿ ಮೂರು ಸಲ ಬಿದ್ದ ಮಾತನ್ನು ಒತ್ತಿ ಹೇಳಿದೆ. ಹಿಂದಿನ ಬೆಂಚಿನವರಿಗೆ ಧೈರ್ಯ ಬರಲಿ ಎಂಬುದು ನನ್ನ ಉದ್ದೇಶ. ತರಗತಿ ಮುಗಿದ ಮೇಲೆ ಆ ಹುಡುಗ ಬಂದು, ಹಾಗಾದರೆ ತನಗೆ ಗಣಿತ ಬೇಡ ಅಲ್ಲವೇ ಎಂದು ಕೇಳಿದ. ಮುಖದಲ್ಲಿ ನಿಜವಾದ ಸಮಾಧಾನವಿತ್ತು. ನನಗೆ ಎದೆ ಝಲ್ಲೆಂದಿತು. ಅವನಿಗೆ ಧೈರ್ಯ ಕೊಡುವ ಬದಲು ತಪ್ಪಿಸಿಕೊಳ್ಳುವ ದಾರಿ ತೋರಿಸಿಬಿಟ್ಟಿದ್ದೆ. ಪಾಠ ನೋಡುತ್ತಿದ್ದ ಮಾರ್ಗದರ್ಶಕ ಶಿಕ್ಷಕರು ನನ್ನ ಪಾಠಯೋಜನೆಯ ಅಂಚಿನಲ್ಲಿ, ಕಥೆ ಅರ್ಧ ಆಗಿದೆ ಎಂದಷ್ಟೇ ಬರೆದಿದ್ದರು.

ಮತ್ತೆ ಓದಿದೆ. ಉಳಿದ ಅರ್ಧದ ಹೆಸರು ಜ್ಯಾಕ್ ಡೇನಿಯಲ್ಸ್. ಇಸ್ಸಿಗೋನಿಸ್ ಬರಿಗೈಯಿಂದ ಗೀಚಿದ ಚಿತ್ರಗಳನ್ನು ಅಳತೆ, ಕೋನ, ತೂಕ ಹಾಕಿ ಕಾರ್ಖಾನೆಯಲ್ಲಿ ಕಡೆಯಬಹುದಾದ ನಕ್ಷೆಯಾಗಿಸಿದವರು ಅವರು. ಮಾರಿಸ್ ಮೈನರ್‌ನಿಂದ ಮಿನಿಯವರೆಗೆ ಜೊತೆಯಲ್ಲಿದ್ದರು. ರಬ್ಬರು ಎಷ್ಟು ಭಾರಕ್ಕೆ ಎಷ್ಟು ಕುಗ್ಗಬೇಕು ಎಂದು ಕಂಡುಕೊಂಡವರು ಮೌಲ್ಟನ್. ಗಣಿತವಿಲ್ಲದೆ ಮಿನಿ ಆಗಲಿಲ್ಲ, ಇಸ್ಸಿಗೋನಿಸ್ ಮಾಡದ ಗಣಿತವನ್ನು ಪಕ್ಕದ ಮೇಜಿನವರು ಮಾಡಿದರು. ಇನ್ನೊಂದು ಮಾತೂ ಇದೆ. ಗೇರ್‌ಬಾಕ್ಸನ್ನು ಎಂಜಿನ್ನಿನ ಕೆಳಗಿಟ್ಟ ಅವರ ಉಪಾಯ ಇಂದು ಉಳಿದಿಲ್ಲ. ಇಟಲಿಯ ಡಾಂಟೆ ಜಾಕೋಸಾ 1964ರ ಪ್ರಿಮುಲಾ ಕಾರಿನಲ್ಲಿ ಎಂಜಿನ್ ಅಡ್ಡ ಇಟ್ಟು, ಗೇರ್‌ಬಾಕ್ಸನ್ನು ಅದರ ಪಕ್ಕಕ್ಕೆ ಜೋಡಿಸಿದರು. 1983ರ ಮಾರುತಿ 800ರಿಂದ ಇಂದಿನ ಬಹುತೇಕ ಸಣ್ಣ ಕಾರುಗಳವರೆಗೆ ಇರುವುದು ಆ ಜೋಡಣೆ. ನಮ್ಮ ಹಳೆಯ ಪದ್ಮಿನಿ ಕಾರಿನ ಮೂಲವಾದ ಹಿಂಚಕ್ರ ಚಾಲನೆಯ ಫಿಯೆಟ್ 1100 ಕೂಡ ಇದೇ ಜಾಕೋಸಾ ಅವರ ಕೆಲಸ. ಇಬ್ಬರೂ ಎರಡು ಬಗೆಯ ಕಾರನ್ನೂ ಮಾಡಿದವರು. ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದು ಅವರು ಕಾರು ಮಾಡಲಿಲ್ಲ. ಯಾವ ಕೆಲಸಕ್ಕೆ ಯಾವುದು ಎಂದು ನೋಡಿದರು.

ಮೂರನೇ ದಿನ ಈ ಅರ್ಧವನ್ನೂ ಹೇಳಿ, ಒಂದು ಲೆಕ್ಕವನ್ನು ಹಲಗೆಯ ಮೇಲೆ ಬರೆದೆ. 800 ಕೆ.ಜಿ. ತೂಕದ ಖಾಲಿ ಕಾರು, ಎಂಜಿನ್ ಮುಂದಿದೆ. ಮುಂದಿನ ಚಕ್ರಗಳ ಮೇಲೆ 480 ಕೆ.ಜಿ., ಹಿಂದಿನವುಗಳ ಮೇಲೆ 320 ಕೆ.ಜಿ. ಭಾರ ಎಂದುಕೊಳ್ಳೋಣ. ಮಳೆ ಬಿದ್ದ ಮಣ್ಣಿನ ರಸ್ತೆಯಲ್ಲಿ ಘರ್ಷಣಾಂಕ 0.3 ಇರಲಿ, ಗುರುತ್ವ ವೇಗೋತ್ಕರ್ಷ 10 ಎಂದಿಟ್ಟುಕೊಳ್ಳೋಣ. ಚಕ್ರ ಜಾರದೆ ತಳ್ಳಬಲ್ಲ ಗರಿಷ್ಠ ಬಲ, ಭಾರವನ್ನು ಘರ್ಷಣಾಂಕದಿಂದ ಗುಣಿಸಿದಷ್ಟು. ಮುಂಚಕ್ರ ಚಾಲನೆಯಾದರೆ 1440 ನ್ಯೂಟನ್, ಹಿಂಚಕ್ರವಾದರೆ 960 ನ್ಯೂಟನ್. ಖಾಲಿ ಕಾರಿಗೆ ಕೆಸರಿನಲ್ಲಿ ಮುಂಚಕ್ರವೇ ಮೇಲು. ಈಗ ಹಿಂದಿನ ಚಕ್ರಗಳ ಮೇಲೆ 300 ಕೆ.ಜಿ. ತೆಂಗಿನಕಾಯಿ ಹೇರೋಣ. ಮುಂದೆ ಅದೇ 1440. ಹಿಂದೆ 620 ಕೆ.ಜಿ. ಭಾರಕ್ಕೆ 1860 ನ್ಯೂಟನ್. ಉತ್ತರ ತಿರುಗಿಬಿತ್ತು. ದಿಣ್ಣೆ ಹತ್ತುವಾಗ ಭಾರ ಇನ್ನೂ ಹಿಂದಕ್ಕೆ ವಾಲುತ್ತದೆ. ಲಾರಿ, ಬಸ್ಸು, ತೆಂಗಿನಕಾಯಿ ಗಾಡಿ ಹಿಂಚಕ್ರದವು ಏಕೆ, ಟ್ರ್ಯಾಕ್ಟರಿನ ದೊಡ್ಡ ಚಕ್ರ ಹಿಂದೆ ಏಕೆ ಎಂಬುದಕ್ಕೆ ಮಕ್ಕಳೇ ಉತ್ತರ ಹೇಳಿದರು. ಮರಳಿನಲ್ಲಿ ಸೈಕಲ್ಲಿನ ಹಿಂದಿನ ಚಕ್ರ ಸುಮ್ಮನೆ ತಿರುಗಿದಾಗ ಕ್ಯಾರಿಯರ್ ಮೇಲೆ ತಮ್ಮನನ್ನು ಕೂರಿಸಿಕೊಂಡರೆ ಹಿಡಿತ ಬರುತ್ತದೆ ಎಂದು ಒಬ್ಬಳು ಹುಡುಗಿ ಹೇಳಿದಳು. ನನ್ನ ಪಾಠಯೋಜನೆಯಲ್ಲಿ ಅಷ್ಟು ಒಳ್ಳೆಯ ಉದಾಹರಣೆ ಇರಲಿಲ್ಲ.

ಎರಡೂ ಬಗೆಯ ಕೊರತೆಗಳನ್ನೂ ಪಟ್ಟಿ ಮಾಡಿದೆವು. ಮುಂಚಕ್ರ ಚಾಲನೆಯಲ್ಲಿ ಮುಂದಿನ ಟೈರಿಗೆ ಎರಡು ಕೆಲಸ, ಎಳೆಯುವುದು ಮತ್ತು ಹೊರಳುವುದು. ತಿರುವಿನಲ್ಲಿ ಜೋರಾಗಿ ಹೋದರೆ ಕಾರು ತಿರುಗದೆ ನೇರಕ್ಕೆ ಜಾರಲು ನೋಡುತ್ತದೆ. ಹಿಂಚಕ್ರದಲ್ಲಿ ಕೆಲಸ ಹಂಚಿಹೋಗುತ್ತದೆ, ಆದರೆ ಜಾರುವ ರಸ್ತೆಯಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಕಾರಿನ ಹಿಂಭಾಗ ಪಕ್ಕಕ್ಕೆ ಹೊರಳುತ್ತದೆ. ವಿದ್ಯುತ್ ಕಾರಿನಲ್ಲಿ ಮೋಟರು ಚಿಕ್ಕದು, ಹಿಂದೆಯೇ ಇಟ್ಟರೂ ಜಾಗ ತಿನ್ನುವುದಿಲ್ಲ. ಬೆಂಗಳೂರಿನಲ್ಲಿ ತಯಾರಾದ ರೇವಾ ಕಾರು ಹಿಂಚಕ್ರದ್ದು.

ಆಮೇಲಿನ ಕಿರುಪರೀಕ್ಷೆಯಲ್ಲಿ ಆ ಹುಡುಗ 20ಕ್ಕೆ 9 ಪಡೆದ. ತೆಂಗಿನಕಾಯಿ ಹೇರಿದ ಗಾಡಿಯ ಲೆಕ್ಕವನ್ನು ಪೂರ್ತಿ ಮಾಡಿದ್ದ. ಪುಸ್ತಕದ ಮರದ ದಿಮ್ಮಿಯ ಲೆಕ್ಕವನ್ನು ಮುಟ್ಟಿರಲಿಲ್ಲ. ಎರಡೂ ಒಂದೇ ಲೆಕ್ಕ ಎಂದು ಅವನಿಗೆ ತೋರಿಸುವುದರೊಳಗೆ ನನ್ನ ಬೋಧನಾಭ್ಯಾಸದ ದಿನಗಳು ಮುಗಿದವು. ಬೋರ್ಡ್ ಪರೀಕ್ಷೆ ಬರುವ ಹೊತ್ತಿಗೆ ಅವನಿಗೆ ಯಾರಾದರೂ ಅದನ್ನು ತೋರಿಸಬೇಕು. ಹೊರಡುವ ದಿನ ಅಂಕಪಟ್ಟಿಯಲ್ಲಿ ನಾನು ಬರೆದಿದ್ದ ಟಿಪ್ಪಣಿಯನ್ನು ಹೊಡೆದು, ಯಂತ್ರಗಳ ಮೂಲಕ ಗಣಿತ ಕಲಿಯುತ್ತಾನೆ, ದಯವಿಟ್ಟು ಮುಂದುವರಿಸಿ ಎಂದು ಬರೆದು ತರಗತಿ ಶಿಕ್ಷಕರ ಕೈಗೆ ಕೊಟ್ಟು ಬಂದೆ.